ಶೀತದ ಮಾತ್ರೆ, ಹೃದಯದ ತೂತು ಮತ್ತು ‘ಮೂರು ಪಟ್ಟು’ ಎಂಬ ಲೆಕ್ಕ

ಅಡಿಕೆ ಸುಲಿಯುವಾಗ ಏಳುವ ಧೂಳು, ಆಟಿ ತಿಂಗಳಲ್ಲಿ ಗೋಡೆಗೆ ಹಿಡಿಯುವ ಬೂಷ್ಟು, ಗೇರು ಹೂ ಬಿಡುವ ಕಾಲದ ಒಣಗಾಳಿ. ಕುಂಬಳೆಯಿಂದ ಅಡೂರಿನವರೆಗೆ ಮೂಗು ಸೋರಲು, ಮೈ ತುರಿಸಲು ಕಾರಣಗಳಿಗೆ ಬರವಿಲ್ಲ. ಪೇಟೆಗೆ ಹೊರಟವರ ಹತ್ತಿರ ‘ಶೀತಕ್ಕೆ ನಾಲ್ಕು ಮಾತ್ರೆ ತನ್ನಿ’ ಎಂದು ಹೇಳಿದರೆ ಮದ್ದು ಮನೆಗೆ ಬರುತ್ತದೆ. ಅದರ ಹೆಸರು ಆಗ ಯಾರಿಗೂ ಬೇಕಿರುವುದಿಲ್ಲ. ಬೇಕಾಗುವುದು ಮೂರು ವಾರ ಕಳೆದ ಮೇಲೆ: ತಿಂಗಳು ತಪ್ಪಿದ್ದು ಗೊತ್ತಾಗಿರುತ್ತದೆ, ಯಾರೋ ಮೊಬೈಲಿನಲ್ಲಿ ‘ಆಂಟಿಹಿಸ್ಟಮಿನ್ ನುಂಗಿದ ತಾಯಂದಿರ ಮಕ್ಕಳಲ್ಲಿ ಹೃದಯದೋಷ ಮೂರು ಪಟ್ಟು’ ಎಂಬ ಸಾಲನ್ನು ತೋರಿಸಿರುತ್ತಾರೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಅಂಥ ಸಾಲಿಗೆ ಬೇರೆ ಕಡೆಗಿಂತ ತೂಕ ಹೆಚ್ಚು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು, ಎಣ್ಮಕಜೆಯ ಪಡ್ರೆಯಂಥ ಊರುಗಳ ಮಕ್ಕಳನ್ನು ಕಂಡವರಿಗೆ ‘ಹುಟ್ಟಿನಿಂದ ಬಂದ ದೋಷ’ ಎಂಬ ಮಾತು ಪುಸ್ತಕದ ಮಾತಲ್ಲ. ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಲು 2011 ಆಗಬೇಕಾಯಿತು. ಹಾಗಾಗಿ ‘ಏನೂ ಆಗುವುದಿಲ್ಲ, ಹೋಗಿ’ ಎಂದು ಯಾರಾದರೂ ಹೇಳಿದರೆ ಇಲ್ಲಿಯವರು ನಂಬದಿರುವುದು ಸಹಜ. ನಂಬುವುದಾದರೂ ಬಿಡುವುದಾದರೂ ಲೆಕ್ಕ ನೋಡಿಯೇ ಆಗಲಿ. ಮೊಬೈಲಿನಲ್ಲಿ ಕಂಡ ಸಾಲು ಸುಳ್ಳಲ್ಲ, ಅಂಥ ಅಧ್ಯಯನ ಇದೆ. ಆದರೆ ಯಾವ ಮಾತ್ರೆ, ಯಾವ ದಿನ, ಯಾವ ಕಾಯಿಲೆಗೆ, ಎಷ್ಟು ಜನರನ್ನು ಎಣಿಸಿ ಹೇಳಿದ್ದು ಎಂಬ ನಾಲ್ಕನ್ನು ಬಿಟ್ಟು ‘ಮೂರು ಪಟ್ಟು’ ಎಂದರೆ ಅದಕ್ಕೆ ಅರ್ಥವೇ ಇಲ್ಲ.

ಮೊದಲು ಮಾತ್ರೆ. ಹಿಸ್ಟಮಿನ್ ನಮ್ಮ ದೇಹವೇ ತಯಾರಿಸುವ ವಸ್ತು. ಧೂಳೋ ಪರಾಗವೋ ತಾಗಿದಾಗ ಮಾಸ್ಟ್ ಕೋಶಗಳು ಅದನ್ನು ಹೊರಗೆ ಚೆಲ್ಲುತ್ತವೆ. ಅದು ಕೋಶಗಳ ಮೇಲಿರುವ ಎಚ್1 ಎಂಬ ಗ್ರಾಹಕದ (ರಿಸೆಪ್ಟರಿನ) ಮೇಲೆ ಹೋಗಿ ಕೂತರೆ ಸೀನು, ತುರಿಕೆ, ಪಿತ್ತದ ದದ್ದು ಶುರು. ಆಂಟಿಹಿಸ್ಟಮಿನ್ ಮಾಡುವುದು ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿಡುವ ಕೆಲಸ. ಕ್ಲೋರ್‌ಫೆನಿರಮಿನ್, ಅವಿಲ್ ಎಂದು ಎಲ್ಲರಿಗೂ ಗೊತ್ತಿರುವ ಫೆನಿರಮಿನ್, ಪ್ರೊಮೆಥಜಿನ್, ಡೈಫೆನ್‌ಹೈಡ್ರಮಿನ್, ಹೈಡ್ರಾಕ್ಸಿಜಿನ್ ಇವೆಲ್ಲ ಹಳೆಯ ತಲೆಮಾರಿನವು; ಮೆದುಳಿಗೂ ನುಗ್ಗುವುದರಿಂದ ನಿದ್ದೆ ತರಿಸುತ್ತವೆ. ಸೆಟಿರಿಜಿನ್, ಲಿವೊಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಹೊಸವು, ನಿದ್ದೆ ಕಡಿಮೆ. ಇದೇ ಕುಟುಂಬದ ಡಾಕ್ಸಿಲಮಿನ್, ಮೆಕ್ಲಿಜಿನ್‌ಗಳನ್ನು ಬಸುರಿಯರಿಗೆ ಕೊಡುವುದು ಶೀತಕ್ಕಲ್ಲ, ವಾಂತಿಗೆ. ಒಂದೇ ಮನೆತನದ ಹೆಸರಿನಡಿ ಹತ್ತಾರು ರಾಸಾಯನಿಕಗಳಿವೆ, ಅವನ್ನು ನುಂಗುವ ಕಾರಣಗಳೂ ಬೇರೆ ಬೇರೆ. ಇದು ಮುಂದೆ ದೊಡ್ಡ ಗೊಂದಲಕ್ಕೆ ದಾರಿ ಮಾಡುತ್ತದೆ.

ಅಂಗಡಿಯಿಂದ ತಂದ ‘ಶೀತದ ಮಾತ್ರೆ’ಯ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ. ಬ್ರ್ಯಾಂಡಿನ ಹೆಸರು ದಪ್ಪ ಅಕ್ಷರದಲ್ಲಿ, ಒಳಗಿರುವುದರ ಹೆಸರು ಇರುವೆ ಸಾಲಿನಲ್ಲಿ. ಹೆಚ್ಚಿನವುಗಳಲ್ಲಿ ಮೂರು ಮದ್ದು ಒಟ್ಟಿಗಿರುತ್ತವೆ: ಜ್ವರಕ್ಕೆ ಪ್ಯಾರಸಿಟಮಾಲ್ 500 ಮಿ.ಗ್ರಾಂ, ಕಟ್ಟಿದ ಮೂಗು ಬಿಡಿಸಲು ಫಿನೈಲೆಫ್ರಿನ್, ಸೀನು ನಿಲ್ಲಿಸಲು ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ ಅಥವಾ ಅದರ ಬದಲಿಗೆ ಸೆಟಿರಿಜಿನ್. ಕೆಲವದರಲ್ಲಿ ಕೆಫೀನೂ ಉಂಟು. ಇದರಲ್ಲಿ ಆಂಟಿಹಿಸ್ಟಮಿನ್ ಒಂದೇ ಒಂದು. ಫಿನೈಲೆಫ್ರಿನ್ ರಕ್ತನಾಳಗಳನ್ನು ಬಿಗಿಯುವ, ಬೇರೆಯೇ ಜಾತಿಯ ಮದ್ದು. ಅದರ ಸಂಗತಿ ಬೇರೆ ಬರುತ್ತದೆ.

ಜೂನ್ 1ರ ಕ್ಯಾಲೆಂಡರು

ಹೃದಯ ರೂಪುಗೊಳ್ಳುವುದು ತಿಂಗಳುಗಟ್ಟಲೆ ನಡೆಯುವ ಕೆಲಸವಲ್ಲ. ಆರು ವಾರಗಳೊಳಗೆ ಮುಗಿಯುತ್ತದೆ, ಅದರ ಮೊದಲ ಪಾಲು ಬಸಿರು ಗೊತ್ತಾಗುವ ಹೊತ್ತಿಗೇ ಶುರುವಾಗಿರುತ್ತದೆ. ಇಸವಿ ಬೇಡ, ತಾರೀಕು ಸಾಕು. ಕೊನೆಯ ಮುಟ್ಟಿನ ಮೊದಲ ದಿನ ಜೂನ್ 1, ಮುಟ್ಟು 28 ದಿನಕ್ಕೊಮ್ಮೆ ಸರಿಯಾಗಿ ಆಗುವವರು ಎಂದಿಟ್ಟುಕೊಳ್ಳೋಣ. ಗರ್ಭ ಕಟ್ಟುವುದು ಜೂನ್ 15ರ ಆಸುಪಾಸು. ಮುಂದಿನ ಮುಟ್ಟು ಬರಬೇಕಾದದ್ದು ಜೂನ್ 29. ತಪ್ಪಿತು ಎಂದು ಎರಡು ದಿನ ಕಾದು ಮೂತ್ರ ಪರೀಕ್ಷೆ ಮಾಡುವಾಗ ಜುಲೈ ಬಂದಿರುತ್ತದೆ. ಜುಲೈ 7ಕ್ಕೆ, ಅಂದರೆ ಗರ್ಭ ಕಟ್ಟಿದ 22ನೇ ದಿನದ ಹೊತ್ತಿಗೆ, ಒಂದು ಕೊಳವೆಯಂತಿರುವ ಹೃದಯ ಮಿಡಿಯಲು ತೊಡಗುತ್ತದೆ. ಆಮೇಲೆ ಆ ಕೊಳವೆ ಮಡಚಿ, ಸುತ್ತಿಕೊಂಡು, ನಾಲ್ಕು ಕೋಣೆಯಾಗಿ ಭಾಗವಾಗಬೇಕು. ಮಧ್ಯದಲ್ಲಿ ಎದುರುಬದುರು ಬೆಳೆಯುವ ಎರಡು ಮೆತ್ತೆಗಳು ಬಂದು ಕೂಡಿದರೆ ಮೇಲಿನ ಕೋಣೆಗಳಿಗೂ ಕೆಳಗಿನವಕ್ಕೂ ನಡುವೆ ಎರಡು ಕವಾಟಗಳ ಜಾಗ ಸಿದ್ಧವಾಗುತ್ತದೆ. ಅವು ಕೂಡದೆ ಉಳಿದರೆ ಹೃದಯದ ನಟ್ಟನಡುವೆ ದೊಡ್ಡ ಬಾಯಿ ಉಳಿಯುತ್ತದೆ. ವೈದ್ಯರು ಇದನ್ನು ಎವಿಎಸ್‌ಡಿ ಎನ್ನುತ್ತಾರೆ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯ ಮೇಲ್ತುದಿಯ ತೆಳು ಪೊರೆ ಕೊನೆಗೆ ಮುಚ್ಚಿಕೊಳ್ಳುವ ಭಾಗ. ಅದು ಮುಚ್ಚದಿದ್ದರೆ ಪೆರಿಮೆಂಬ್ರೇನಸ್ ವಿಎಸ್‌ಡಿ, ನಮ್ಮ ಮಾತಿನಲ್ಲಿ ‘ಹೃದಯದಲ್ಲಿ ತೂತು’. ಆಗಸ್ಟ್ 10ರ ಸುಮಾರಿಗೆ ಗೋಡೆ ಕಟ್ಟುವ ಕೆಲಸ ಮುಗಿದಿರುತ್ತದೆ.

ಆ ದಿನ ಡಾಕ್ಟರು ಕಾರ್ಡಿನಲ್ಲಿ ಬರೆಯುವುದು ‘10 ವಾರ’. ಆಸ್ಪತ್ರೆಯ ವಾರಗಳು ಕೊನೆಯ ಮುಟ್ಟಿನಿಂದ ಎಣಿಸಿದವು, ಭ್ರೂಣದ ನಿಜವಾದ ವಯಸ್ಸು ಅದಕ್ಕಿಂತ ಎರಡು ವಾರ ಕಡಿಮೆ. ಈ ಎರಡು ವಾರದ ವ್ಯತ್ಯಾಸ ಮರೆತು ಲೆಕ್ಕ ಹಾಕಿ ಹೆದರಿದವರು ಬಹಳ. ಜೂನ್ 5ರಿಂದ 8ರವರೆಗೆ ಸೆಟಿರಿಜಿನ್ ನುಂಗಿದ್ದರೆ ಆಗ ಗರ್ಭವೇ ಇರಲಿಲ್ಲ. ಸೆಟಿರಿಜಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 8 ಗಂಟೆ ಸಾಕು, ಎರಡು ದಿನದಲ್ಲಿ ಅದರ ಸುಳಿವಿರುವುದಿಲ್ಲ. ಕ್ಲೋರ್‌ಫೆನಿರಮಿನ್ ನಿಧಾನ, ಅರ್ಧಕ್ಕೆ ಸುಮಾರು 20 ಗಂಟೆ, ಪೂರ್ತಿ ಹೋಗಲು ನಾಲ್ಕೈದು ದಿನ. ಹಾಗೆಯೇ ಸೆಪ್ಟೆಂಬರಿನಲ್ಲಿ ನುಂಗಿದ ಮಾತ್ರೆ ಆಗಸ್ಟಿನಲ್ಲೇ ಕಟ್ಟಿ ಮುಗಿದ ಗೋಡೆಯಲ್ಲಿ ತೂತು ಕೊರೆಯಲಾರದು. ಪ್ರಶ್ನೆ ಇರುವುದು ಜುಲೈ ಮೊದಲ ವಾರದಿಂದ ಆಗಸ್ಟ್ ಹತ್ತರವರೆಗಿನ ಆ ಕಿಟಕಿಯ ಬಗ್ಗೆ ಮಾತ್ರ. ಬಸುರಿಯ ವಾಕರಿಕೆ ಶುರುವಾಗಿ ಜೋರಾಗುವುದೂ ಇದೇ ದಿನಗಳಲ್ಲಿ. ಸಂಶೋಧಕರ ಕಣ್ಣು ವಾಂತಿಯ ಮಾತ್ರೆಗಳ ಮೇಲೆ ಬಿದ್ದದ್ದು ಇದರಿಂದಲೇ.

ಮೂರು ಪಟ್ಟು ಬಂದದ್ದು ಎಲ್ಲಿಂದ

2014ರಲ್ಲಿ ನೆದರ್ಲ್ಯಾಂಡ್ಸಿನ ಎರಡು ಅಧ್ಯಯನಗಳು ಒಂದೇ ಲೇಖನದಲ್ಲಿ ಪ್ರಕಟವಾದವು. ಮೊದಲನೆಯದರಲ್ಲಿ ಹುಟ್ಟು ಹೃದಯದೋಷವಿದ್ದ 361 ಮಕ್ಕಳು, ದೋಷವಿಲ್ಲದ 410 ಮಕ್ಕಳು. ಎರಡೂ ಗುಂಪಿನ ತಾಯಂದಿರನ್ನು ಕೇಳಿದರು: ಗರ್ಭ ಕಟ್ಟಿದ ಆಸುಪಾಸಿನಲ್ಲಿ ಏನೇನು ಮದ್ದು ತೆಗೆದುಕೊಂಡಿರಿ? ಆಂಟಿಹಿಸ್ಟಮಿನ್ ತೆಗೆದುಕೊಂಡವರಲ್ಲಿ ಒಟ್ಟು ಹೃದಯದೋಷದ ಆಡ್ಸ್ ಅನುಪಾತ (1 ಎಂದರೆ ವ್ಯತ್ಯಾಸವಿಲ್ಲ, ಅದಕ್ಕಿಂತ ಏರಿದಷ್ಟೂ ನಂಟು ಜೋರು) 3.0 ಎಂದು ಬಂತು. ಎವಿಎಸ್‌ಡಿಗೆ, ಪೊರೆಯ ತೂತಿಗೆ ಪ್ರತ್ಯೇಕವಾಗಿ ನೋಡಿದರೆ ಸುಮಾರು 5. ಎರಡನೆಯ ಅಧ್ಯಯನ ಆ ದೇಶದ ಉತ್ತರ ಭಾಗದ ಜನ್ಮದೋಷ ನೋಂದಣಿಯದು. ಅದರಲ್ಲಿ ಎವಿಎಸ್‌ಡಿಯ ನಂಟು ಮತ್ತೆ ಕಂಡಿತು, 3.5. ಒಟ್ಟು ಹೃದಯದೋಷದ ನಂಟು ಕಾಣಲಿಲ್ಲ. ಮೊಬೈಲಿನಲ್ಲಿ ತಿರುಗುವ ಸಾಲಿಗೆ ಮೊದಲನೆಯ ಅಧ್ಯಯನದ ಮೂರು ಸಿಕ್ಕಿತು, ಎರಡನೆಯದರ ‘ಕಾಣಲಿಲ್ಲ’ ಸಿಗಲಿಲ್ಲ.

ಆ 3.0ರ ಪಕ್ಕದಲ್ಲಿ ಇನ್ನೊಂದು ಅಂಕಿ ಇತ್ತು: 1.2ರಿಂದ 7.3. ನಿಜವಾದ ಬೆಲೆ ಈ ಎರಡರ ನಡುವೆ ಎಲ್ಲಿ ಬೇಕಾದರೂ ಇರಬಹುದು ಎಂದು ಅದರ ಅರ್ಥ. ಒಂದು ತುದಿಯಲ್ಲಿ ಅಪಾಯ ಇಲ್ಲವೆನ್ನುವಷ್ಟು ಸಣ್ಣದು, ಇನ್ನೊಂದು ತುದಿಯಲ್ಲಿ ಎದೆ ಝಲ್ಲೆನ್ನುವಂಥದು. ವ್ಯಾಪ್ತಿ ಇಷ್ಟು ಅಗಲವಾಗಲು ಕಾರಣ, ಮಾತ್ರೆ ನುಂಗಿದವರ ಸಂಖ್ಯೆ ಸಣ್ಣದು. ಸಣ್ಣ ಸಂಖ್ಯೆ ಏನು ಮಾಡುತ್ತದೆ ಎಂಬುದನ್ನು ಕೈಯಾರೆ ಲೆಕ್ಕ ಹಾಕಿದರೇ ಗೊತ್ತಾಗುವುದು. ಇವು ಯಾವ ಅಧ್ಯಯನದ ಅಂಕಿಗಳೂ ಅಲ್ಲ, ಲೆಕ್ಕಕ್ಕಾಗಿ ಇಟ್ಟುಕೊಂಡವು.

ದೋಷವಿರುವ 100 ಮಕ್ಕಳ ತಾಯಂದಿರಲ್ಲಿ 6 ಮಂದಿ ಮಾತ್ರೆ ನುಂಗಿದ್ದರು, 94 ಮಂದಿ ಇಲ್ಲ. ದೋಷವಿಲ್ಲದ 100 ಮಕ್ಕಳ ತಾಯಂದಿರಲ್ಲಿ ನುಂಗಿದವರು 2, ಇಲ್ಲದವರು 98. ಆಡ್ಸ್ ಅನುಪಾತ ಎಂದರೆ ಅಡ್ಡ ಗುಣಾಕಾರ: 6 × 98 = 588, 94 × 2 = 188. ಭಾಗಿಸಿದರೆ 3.1. ಮೂರು ಪಟ್ಟು ಸಿಕ್ಕಿತು. ಈಗ ಆರೋಗ್ಯವಂತ ಮಗುವಿನ ಒಬ್ಬ ತಾಯಿ ತಾನು ನುಂಗಿದ್ದನ್ನು ಮರೆತಿದ್ದಳು, ಕೇಳಿದಾಗ ‘ಇಲ್ಲ’ ಎಂದಳು ಎನ್ನೋಣ. ನಿಜ ಸಂಖ್ಯೆ 2 ಅಲ್ಲ, 3. ಮತ್ತೆ ಲೆಕ್ಕ: 6 × 97 = 582, 94 × 3 = 282, ಉತ್ತರ 2.1. ಇನ್ನು ದೋಷವಿರುವ ಮಗುವಿನ ಒಬ್ಬ ತಾಯಿ ನಾಲ್ಕನೇ ತಿಂಗಳಲ್ಲಿ ನುಂಗಿದ್ದನ್ನು ಎರಡನೇ ತಿಂಗಳು ಎಂದು ಹೇಳಿದ್ದಳು. 6 ಹೋಗಿ 5 ಆಯಿತು. 5 × 97 = 485, 95 × 3 = 285, ಉತ್ತರ 1.7. ಇನ್ನೂರು ಹೆಂಗಸರಲ್ಲಿ ಇಬ್ಬರ ನೆನಪು ತಪ್ಪಿದ್ದಕ್ಕೆ ಮೂರು ಪಟ್ಟು ಕರಗಿ ಎರಡಕ್ಕಿಂತ ಕೆಳಗಿಳಿಯಿತು.

ಈ ತಪ್ಪು ಎರಡೂ ಕಡೆ ಸಮನಾಗಿ ಆಗುವುದೂ ಇಲ್ಲ. ಮಗುವಿನ ಎದೆಗೆ ಶಸ್ತ್ರಚಿಕಿತ್ಸೆ ಆದ ತಾಯಿ ‘ನಾನು ಏನು ತಿಂದೆ, ಎಲ್ಲಿ ತಪ್ಪಿದೆ’ ಎಂದು ಆ ತಿಂಗಳುಗಳನ್ನು ನೂರು ಸಲ ಜಾಲಾಡಿರುತ್ತಾಳೆ. ಆರೋಗ್ಯವಂತ ಮಗುವಿನ ತಾಯಿಗೆ ವರ್ಷದ ಹಿಂದಿನ ಶೀತವೇ ನೆನಪಿರುವುದಿಲ್ಲ. ಇದಕ್ಕೆ ಸ್ಮರಣ ಪಕ್ಷಪಾತ ಎನ್ನುತ್ತಾರೆ. ಹೆರಿಗೆಯಾದ ಮೇಲೆ ಕೇಳಿ ಮಾಡುವ ಎಲ್ಲ ಅಧ್ಯಯನಗಳಿಗೂ ಈ ಗೆದ್ದಲು ಸ್ವಲ್ಪವಾದರೂ ಹಿಡಿದೇ ಇರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಮಾತ್ರೆಯನ್ನು ಯಾರೂ ಸುಮ್ಮನೆ ನುಂಗುವುದಿಲ್ಲ. ಶೀತದ ಮಾತ್ರೆ ನುಂಗಿದವಳಿಗೆ ವೈರಸ್ ಜ್ವರವೂ ಇದ್ದಿರಬಹುದು, ಮೊದಲ ತಿಂಗಳುಗಳ ಜ್ವರಕ್ಕೂ ಹೃದಯದೋಷಕ್ಕೂ ನಂಟಿದೆಯೆಂದು ಹಲವು ಅಧ್ಯಯನಗಳು ಹೇಳಿವೆ. ಆಗ ಪಾಲು ಜ್ವರದ್ದೋ ಮಾತ್ರೆಯದ್ದೋ? ವಾಂತಿಯ ಮಾತ್ರೆಯಲ್ಲಿ ಇದು ತಿರುಗುಮುರುಗಾಗುತ್ತದೆ. ವಾಕರಿಕೆ ಇರುವ ಬಸಿರು ಸರಾಸರಿಯಲ್ಲಿ ಗಟ್ಟಿ ಬಸಿರು, ಗರ್ಭಪಾತ ಕಡಿಮೆ. ನಮ್ಮ ಅಜ್ಜಿಯಂದಿರು ‘ಬಯಕೆ ಸಂಕಟ ಜೋರಿದ್ದರೆ ಒಳ್ಳೆಯದು’ ಎನ್ನುತ್ತಿದ್ದದ್ದು ಈ ಮಟ್ಟಿಗೆ ಸರಿ. 1997ರಲ್ಲಿ 24 ಅಧ್ಯಯನಗಳನ್ನು, ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಲೆಕ್ಕವನ್ನು ಒಟ್ಟುಮಾಡಿದಾಗ ಆಂಟಿಹಿಸ್ಟಮಿನ್ ತೆಗೆದುಕೊಂಡವರಲ್ಲಿ ಜನ್ಮದೋಷದ ಅನುಪಾತ 0.76 ಬಂತು. ಓದಿದರೆ ಮಾತ್ರೆಯೇ ಮಗುವನ್ನು ಕಾಪಾಡಿತೇನೋ ಎನಿಸಬೇಕು. ಕಾಪಾಡಿದ್ದು ಮಾತ್ರೆಯಲ್ಲ, ಮಾತ್ರೆ ನುಂಗಿಸಿದ ವಾಕರಿಕೆಯ ಹಿಂದಿದ್ದ ಗಟ್ಟಿ ಬಸಿರು ಎಂಬುದೇ ಹೆಚ್ಚು ಒಪ್ಪುವ ವಿವರಣೆ. 0.76ನ್ನು ನೋಡಿ ಮಾತ್ರೆಯನ್ನು ಹೊಗಳದ ನಾವು 3.0ನ್ನು ನೋಡಿ ಮಾತ್ರೆಯನ್ನು ಬೈಯುವುದಾದರೆ ತಕ್ಕಡಿ ಎರಡಾಗುತ್ತದೆ. ಡಚ್ ಸಂಶೋಧಕರು ಇದನ್ನು ಗಮನಿಸಿದ್ದರು ಎಂಬುದನ್ನೂ ಹೇಳಬೇಕು. ವಾಕರಿಕೆ ಇದ್ದವರನ್ನು ಮಾತ್ರ ಆರಿಸಿ ನೋಡಿದಾಗಲೂ ಎವಿಎಸ್‌ಡಿಯ ನಂಟು ಹೋಗಲಿಲ್ಲ. ಹಾಗಾಗಿ ಅವರ ಕೆಲಸವನ್ನು ತಳ್ಳಿಹಾಕುವಂತಿಲ್ಲ.

ಹೆಚ್ಚು ಜನರನ್ನು ಎಣಿಸಿದಾಗ

ಸ್ವೀಡನ್ನಿನಲ್ಲಿ 1990ರ ದಶಕದ ಮಧ್ಯದಿಂದ ಒಂದು ಪದ್ಧತಿ ಇದೆ. ಬಸುರಿ ಮೊದಲ ಸಲ ತಪಾಸಣೆಗೆ ಬಂದಾಗಲೇ ಸೂಲಗಿತ್ತಿ ದಾದಿ ‘ಬಸಿರಾದ ಮೇಲೆ ಏನು ಮದ್ದು ತೆಗೆದುಕೊಂಡಿರಿ’ ಎಂದು ಕೇಳಿ ಬರೆದಿಡುತ್ತಾಳೆ. ಮಗು ಹೇಗೆ ಹುಟ್ಟುತ್ತದೆ ಎಂದು ಆಗ ಯಾರಿಗೂ ಗೊತ್ತಿಲ್ಲ, ಆದ್ದರಿಂದ ನೆನಪಿನ ಪಕ್ಷಪಾತಕ್ಕೆ ಎಡೆಯಿಲ್ಲ. ಆ ನೋಂದಣಿಯಿಂದ 2002ರಲ್ಲಿ ಬಂದ ಲೆಕ್ಕದಲ್ಲಿ ಬಸಿರಿನ ಆರಂಭದಲ್ಲಿ ಆಂಟಿಹಿಸ್ಟಮಿನ್ ತೆಗೆದುಕೊಂಡ ತಾಯಂದಿರ 18,197 ಶಿಶುಗಳಿದ್ದವು. ಜನ್ಮದೋಷ ಹೆಚ್ಚಾದದ್ದು ಕಾಣಲಿಲ್ಲ. ಇಲ್ಲೊಂದು ಬಾಯಿಲೆಕ್ಕ ಮಾಡಿ. ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು ಒಂದು ಮಗುವಿಗೆ ಯಾವುದಾದರೊಂದು ಹೃದಯದೋಷ ಇರುತ್ತದೆ, ಮಾತ್ರೆ ನುಂಗಿದರೂ ನುಂಗದಿದ್ದರೂ. 18,197ರಲ್ಲಿ ಅದು ಸುಮಾರು 180. ಮೂರು ಪಟ್ಟು ನಿಜವಾಗಿದ್ದರೆ 540 ಆಗಬೇಕಿತ್ತು. 360 ಮಕ್ಕಳ ಹೆಚ್ಚಳ ಒಂದು ದೇಶದ ನೋಂದಣಿಯ ಕಣ್ಣು ತಪ್ಪಿಸಿ ಹೋಗುವಂಥದಲ್ಲ. ಎಲ್ಲ ಆಂಟಿಹಿಸ್ಟಮಿನ್‌ಗೂ, ಎಲ್ಲ ಹೃದಯದೋಷಕ್ಕೂ ಅನ್ವಯಿಸುವ ‘ಮೂರು ಪಟ್ಟು’ ಇಲ್ಲಿಗೆ ಬಿದ್ದುಹೋಗುತ್ತದೆ.

ಉಳಿಯುವುದು ಸಣ್ಣ ಪ್ರಶ್ನೆ: ಯಾವುದೋ ಒಂದು ಆಂಟಿಹಿಸ್ಟಮಿನ್, ಯಾವುದೋ ಒಂದು ಅಪರೂಪದ ದೋಷ? ಅಮೆರಿಕದ ರಾಷ್ಟ್ರೀಯ ಜನ್ಮದೋಷ ತಡೆ ಅಧ್ಯಯನ 2009ರಲ್ಲಿ 14 ಆಂಟಿಹಿಸ್ಟಮಿನ್‌ಗಳನ್ನು 26 ಬಗೆಯ ದೋಷಗಳೊಂದಿಗೆ ಜೋಡಿಸಿ 324 ನಂಟುಗಳನ್ನು ಲೆಕ್ಕ ಹಾಕಿತು. 24ರಲ್ಲಿ ‘ಏನೋ ಇದೆ’ ಎಂಬಂತೆ ಅಂಕಿ ಬಂತು. ಆದರೆ ಒಂದು ಸಂಗತಿ: ಇಂಥ ಪರೀಕ್ಷೆಯ ಕಟ್ಟಳೆ ಹೇಗಿದೆಯೆಂದರೆ, ಏನೂ ಇಲ್ಲದಿದ್ದರೂ ನೂರಕ್ಕೆ ಐದು ಸಲ ‘ಇದೆ’ ಎನ್ನುತ್ತದೆ. 324ರ ಐದು ಶೇಕಡಾ 16. ಲಾಟರಿ ಟಿಕೆಟು 324 ಕೊಂಡರೆ ಕೆಲವಕ್ಕಾದರೂ ಬಹುಮಾನ ಬಂದೀತು. ಒಂದೇ ಮದ್ದಿಗೋ ಒಂದೇ ದೋಷಕ್ಕೋ ಗಂಟುಬೀಳುವ ಗಟ್ಟಿ ನಂಟು ಇಲ್ಲ ಎಂಬುದು ಆ ಸಂಶೋಧಕರದೇ ಮಾತು. 2013ರಲ್ಲಿ ಅಮೆರಿಕದ್ದೇ ಇನ್ನೊಂದು ತಂಡ ಬೇರೆ ದಾರಿ ಹಿಡಿಯಿತು: ಹಿಂದಿನವರು ಎತ್ತಿದ್ದ ಅನುಮಾನಗಳನ್ನು ಒಂದೊಂದಾಗಿ 13,213 ದೋಷವುಳ್ಳ ಶಿಶುಗಳು ಮತ್ತು 6,982 ಆರೋಗ್ಯವಂತ ಶಿಶುಗಳ ಲೆಕ್ಕದಲ್ಲಿ ಪರೀಕ್ಷಿಸಿತು. ಹಳೆಯ ಅನುಮಾನಗಳಿಗೆ ಬಲ ಸಿಗಲಿಲ್ಲ.

ಅನುಮಾನ ಎದ್ದು ಆರಿಹೋದದ್ದು ಹೊಸತೂ ಅಲ್ಲ. ಲೊರಾಟಡಿನ್‌ನಿಂದ ಗಂಡುಮಕ್ಕಳ ಮೂತ್ರದ್ವಾರದ ಜಾಗ ತಪ್ಪುತ್ತದೆ ಎಂಬ ಸುಳಿವು 2001ರ ಹೊತ್ತಿಗೆ ಇದೇ ಸ್ವೀಡನ್ನಿನ ನೋಂದಣಿಯಿಂದಲೇ ಹೊರಟಿತ್ತು. 2004ರಲ್ಲಿ ಅಮೆರಿಕದವರು ನೋಡಿದಾಗ ಅಂಥದೇನೂ ಸಿಗಲಿಲ್ಲ. ಎಲ್ಲಕ್ಕಿಂತ ದುಬಾರಿಯಾದದ್ದು ಬೆಂಡೆಕ್ಟಿನ್ ಪ್ರಸಂಗ. ಡಾಕ್ಸಿಲಮಿನ್ ಮತ್ತು ಬಿ6 ವಿಟಮಿನ್ ಸೇರಿದ ಈ ವಾಂತಿಯ ಮಾತ್ರೆ ಅಮೆರಿಕದಲ್ಲಿ 1956ರಲ್ಲಿ ಬಂತು. ಮಕ್ಕಳ ದೋಷಕ್ಕೆ ಇದೇ ಕಾರಣವೆಂದು ಮೊಕದ್ದಮೆಗಳ ಮೇಲೆ ಮೊಕದ್ದಮೆ ಬಿದ್ದು 1983ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಲಕ್ಷಗಟ್ಟಲೆ ಬಸುರಿಯರು ನುಂಗುತ್ತಿದ್ದ ಮಾತ್ರೆ ಮಾರುಕಟ್ಟೆಯಿಂದಲೇ ಮಾಯವಾಯಿತು. ಅದೇ ಕಾರಣವಾಗಿದ್ದರೆ ದೋಷಗಳೂ ಇಳಿಯಬೇಕಿತ್ತು. ಇಳಿಯಲಿಲ್ಲ. ಏರಿದ್ದು ವಾಂತಿ ತಡೆಯಲಾರದೆ ಆಸ್ಪತ್ರೆ ಸೇರಿದ ಬಸುರಿಯರ ಸಂಖ್ಯೆ. 1994ರಲ್ಲಿ 27 ಅಧ್ಯಯನಗಳನ್ನು ಕೂಡಿಸಿದ ಲೆಕ್ಕದಲ್ಲಿ ಹೃದಯದೋಷಕ್ಕೆ ಬಂದ ಅಂಕಿ 0.90. 2013ರಲ್ಲಿ ಅದೇ ಜೋಡಿ ಮದ್ದಿಗೆ ಅಮೆರಿಕ ಮತ್ತೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಬಸುರಿಯರಿಗೆ ವಾಂತಿಗೆಂದು ಬರೆದುಕೊಡುವುದು ಹೆಚ್ಚಾಗಿ ಇದನ್ನೇ.

ಹಾಗಾದರೆ ಎವಿಎಸ್‌ಡಿಯ ಅನುಮಾನಕ್ಕೆ ಬುಡವೇ ಇಲ್ಲವೇ? ಜೀವಶಾಸ್ತ್ರದಲ್ಲಿ ಒಂದು ಬುಡ ಇದೆ. ಹೃದಯದ ಕೋಶಗಳಲ್ಲಿ ಪೊಟ್ಯಾಸಿಯಂ ಹೊರಗೆ ಹರಿಯುವ ‘ಹರ್ಗ್’ ಎಂಬ ಬಾಗಿಲಿದೆ. ಕೆಲವು ಆಂಟಿಹಿಸ್ಟಮಿನ್‌ಗಳು ಅದನ್ನು ಮುಚ್ಚುತ್ತವೆ. ಟರ್ಫೆನಡಿನ್, ಆಸ್ಟೆಮಿಜೋಲ್ ಎಂಬೆರಡು ಮದ್ದುಗಳನ್ನು 1990ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ತೆಗೆದದ್ದು ದೊಡ್ಡವರ ಹೃದಯಬಡಿತ ತಪ್ಪಿಸುತ್ತಿದ್ದವೆಂದೇ. ಎಳೆಯ ಭ್ರೂಣದ ಹೃದಯ ಇದೇ ಬಾಗಿಲನ್ನು ಹೆಚ್ಚು ನೆಚ್ಚಿಕೊಂಡಿರುತ್ತದೆ. ಈ ಬಾಗಿಲನ್ನು ಬಲವಾಗಿ ಮುಚ್ಚುವ ಬೇರೆ ಮದ್ದುಗಳನ್ನು ಇಲಿಗಳಿಗೆ ಕೊಟ್ಟಾಗ ಭ್ರೂಣದ ಬಡಿತ ನಿಧಾನವಾಗಿ ದೋಷಗಳು ಕಂಡಿವೆ. ಆದರೆ ದಾರಿ ಇದೆ ಎಂದ ಮಾತ್ರಕ್ಕೆ ಬಸ್ಸು ಓಡುತ್ತಿದೆ ಎಂದಲ್ಲ. ಒಂದು ಸೆಟಿರಿಜಿನ್ ನುಂಗಿದಾಗ ರಕ್ತದಲ್ಲಿ ಸಿಗುವ ಪ್ರಮಾಣಕ್ಕೆ ಆ ಬಾಗಿಲು ಅಲುಗುವುದಿಲ್ಲ.

ಶೀತದ ಮಾತ್ರೆಯ ಇನ್ನೊಬ್ಬ ಪಾಲುದಾರ ಫಿನೈಲೆಫ್ರಿನ್ ನೆನಪಿದೆಯಲ್ಲ? 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಅದಕ್ಕೂ ಮೆತ್ತೆಗಳು ಕೂಡದ ಇದೇ ದೋಷಕ್ಕೂ 8 ಪಟ್ಟಿನ ನಂಟು ಬಂತು. ಎಂಟು ಎಂದರೆ ಭಯವೇ. ಆದರೆ ಆ ಎಂಟು ನಿಂತದ್ದು ಮಾತ್ರೆ ನುಂಗಿದ್ದ ತಾಯಂದಿರ ನಾಲ್ಕೇ ನಾಲ್ಕು ಮಕ್ಕಳ ಮೇಲೆ; ವ್ಯಾಪ್ತಿ 2.5ರಿಂದ 25.3. ಇದು ಅಪರಾಧ ಸಾಬೀತಲ್ಲ. ಆದರೂ ಮೂಗು ಬಿಡಿಸುವ ಸೌಕರ್ಯಕ್ಕಾಗಿ ಮೊದಲ ಮೂರು ತಿಂಗಳಲ್ಲಿ ಫಿನೈಲೆಫ್ರಿನ್ ಬೇಡ ಎನ್ನಲು ಇಷ್ಟು ಸಾಕು, ಯಾಕೆಂದರೆ ಬಾಯಿಯಿಂದ ನುಂಗಿದಾಗ ಅದು ಮೂಗು ಬಿಡಿಸುವುದೂ ಅಷ್ಟಕ್ಕಷ್ಟೇ. ಸೀನಿಗೆ ಆಂಟಿಹಿಸ್ಟಮಿನ್ ಬೇಕೇ ಬೇಕಾದರೆ ಒಂಟಿ ಮದ್ದಿನ ಮಾತ್ರೆ ಕೇಳಿ, ಮೂರು ಸೇರಿದ್ದನ್ನಲ್ಲ.

ಎವಿಎಸ್‌ಡಿ ಇರುವುದು 10,000 ಹೆರಿಗೆಗಳಲ್ಲಿ ಸುಮಾರು 4ರಲ್ಲಿ, ಅದರಲ್ಲೂ ಅರ್ಧದಷ್ಟು ಮಕ್ಕಳಿಗೆ ಡೌನ್ ಸಿಂಡ್ರೋಮ್. ಅದು ಸಾಮಾನ್ಯವಾಗಿ ಅಂಡದಲ್ಲಿ ಕ್ರೋಮೋಸೋಮು ಹೆಚ್ಚಾಗಿ ಬಂದದ್ದರಿಂದ, ಯಾವ ಮಾತ್ರೆಗೂ ಮೊದಲೇ. ಡಚ್ಚರ ಐದು ಪಟ್ಟು ಪೂರ್ತಿ ನಿಜವೆಂದೇ ಹಿಡಿದರೂ 4 ಇದ್ದದ್ದು 20 ಆಗುತ್ತದೆ, 9,980 ಮಕ್ಕಳಿಗೆ ಆ ದೋಷ ಇರುವುದಿಲ್ಲ. ನುಂಗಿಯಾದ ನಾಲ್ಕು ಮಾತ್ರೆಗೆ ಹೆದರಿ ಗರ್ಭ ತೆಗೆಸುವ ಮಾತೆತ್ತುವವರ ಮುಂದೆ ಇಡಬೇಕಾದ ಅಂಕಿ ಇದು.

ಇದರ ಎದುರಿಗೆ ಇನ್ನೊಂದು ಮೂರು ಪಟ್ಟು ಇಟ್ಟು ನೋಡಿ. ಗರ್ಭ ಕಟ್ಟುವ ಮೊದಲೇ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗುವಿನ ಹೃದಯದೋಷದ ಸಾಧ್ಯತೆ ಮೂರರಿಂದ ನಾಲ್ಕು ಪಟ್ಟು. ಅಂಕಿ ಹೆಚ್ಚುಕಡಿಮೆ ಅದೇ, ನಂಬಿಕೆ ಬೇರೆ. ಇದು ದೇಶದಿಂದ ದೇಶಕ್ಕೆ ಮತ್ತೆ ಮತ್ತೆ ಕಂಡಿದೆ. ಸಕ್ಕರೆ ಏರಿದಷ್ಟೂ ಅಪಾಯ ಏರುತ್ತದೆ, ಹತೋಟಿಗೆ ತಂದರೆ ಇಳಿಯುತ್ತದೆ. ಪ್ರಾಣಿಗಳಲ್ಲೂ ಅದೇ ಕಾಣುತ್ತದೆ. ಗರ್ಭಿಣಿ ಆದ ಮೇಲೆ ಆರನೇ ತಿಂಗಳಲ್ಲಿ ಬರುವ ಸಕ್ಕರೆಗೆ ಅಷ್ಟು ನಂಟಿಲ್ಲ, ಏಕೆಂದರೆ ಅಷ್ಟರಲ್ಲಿ ಹೃದಯ ಕಟ್ಟಿ ಆಗಿರುತ್ತದೆ. ಆಂಟಿಹಿಸ್ಟಮಿನ್‌ಗೆ ಈ ನಾಲ್ಕರಲ್ಲಿ ಒಂದೂ ಗಟ್ಟಿಯಾಗಿ ಕೂಡಿಬಂದಿಲ್ಲ. ಮದುವೆಯಾದ ಹುಡುಗಿಗೆ ಮಗು ಬೇಕೆನಿಸಿದಾಗ ಎಚ್‌ಬಿಎ1ಸಿ ಎಂಬ ಸಕ್ಕರೆಯ ರಕ್ತಪರೀಕ್ಷೆ ಒಂದು ಸಲ ಮಾಡಿಸುವುದು, ಫೋಲಿಕ್ ಆಮ್ಲ 400 ಮೈಕ್ರೋಗ್ರಾಂ ಗರ್ಭ ಕಟ್ಟುವ ಮೊದಲೇ ಶುರುಮಾಡುವುದು, ರುಬೆಲ್ಲಾ ಲಸಿಕೆ ಆಗಿದೆಯೇ ಎಂದು ವಿಚಾರಿಸುವುದು, ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ನುಂಗುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳುವುದು, ಇವೆಲ್ಲದರ ಮುಂದೆ ಒಂದು ಸೆಟಿರಿಜಿನ್‌ನ ಚಿಂತೆ ಸಣ್ಣದು.

ಕೈಯಲ್ಲಿ ಸ್ಟ್ರಿಪ್ ಇರುವಾಗ

ಬಸುರಿಗೆ ಅಲರ್ಜಿಯ ಮದ್ದು ಬೇಕಾದಾಗ ವೈದ್ಯರು ಹೆಚ್ಚಾಗಿ ಆರಿಸುವುದು ಸೆಟಿರಿಜಿನ್, ಲೊರಾಟಡಿನ್, ಕ್ಲೋರ್‌ಫೆನಿರಮಿನ್‌ಗಳಲ್ಲಿ ಒಂದನ್ನು. ಹೆಚ್ಚು ಬಸುರಿಯರಲ್ಲಿ ನೋಡಿ ತಿಳಿದವು ಇವು. ಹೈಡ್ರಾಕ್ಸಿಜಿನ್‌ನ ಅಮೆರಿಕದ ಲೇಬಲ್ಲಿನಲ್ಲಿ ‘ಬಸಿರಿನ ಆರಂಭದಲ್ಲಿ ಕೊಡಬಾರದು’ ಎಂದೇ ಇದೆ. ತಮಾಷೆಯೆಂದರೆ ಹೈಡ್ರಾಕ್ಸಿಜಿನ್ ದೇಹದೊಳಗೆ ಹೋಗಿ ಆಗುವುದು ಸೆಟಿರಿಜಿನ್ನೇ. ಲೇಬಲ್ಲಿನ ಆ ಸಾಲು ಇಲಿ, ಮೊಲಗಳಿಗೆ ವಿಪರೀತ ಪ್ರಮಾಣ ಕೊಟ್ಟು ನೋಡಿದ್ದರಿಂದ ಬಂದದ್ದು. ಆದರೂ ಆಯ್ಕೆ ಇರುವಾಗ ಅದನ್ನು ಬಿಡುವುದೇ ಸರಿ, ಹರ್ಗ್ ಬಾಗಿಲಿಗೆ ಅಡ್ಡ ಬರುವ ಗುಣ ಅದಕ್ಕೆ ಸೆಟಿರಿಜಿನ್‌ಗಿಂತ ಹೆಚ್ಚು.

ಬರೀ ಮೂಗು ಕಟ್ಟಿದ್ದಾದರೆ ಉಪ್ಪುನೀರು ಸಾಕು: 240 ಮಿ.ಲೀ. ನೀರಿಗೆ 2 ಗ್ರಾಂ ಉಪ್ಪು, ಅಂದರೆ ಕಾಲು ಟೀ ಚಮಚಕ್ಕಿಂತ ತುಸು ಹೆಚ್ಚು. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಕೆರೆ, ಬಾವಿಯ ಹಸಿ ನೀರನ್ನು ಮೂಗಿಗೆ ಏರಿಸಲೇಬಾರದು. ಅಮೀಬಾದ ಮೆದುಳು ಜ್ವರದ ಪ್ರಕರಣಗಳು ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಂಡಿವೆ, ಆ ಜೀವಿ ಒಳಗೆ ಹೋಗುವುದು ಹೆಚ್ಚಾಗಿ ಮೂಗಿನ ದಾರಿಯಲ್ಲೇ.

ಡಾಕ್ಸಿಲಮಿನ್-ಬಿ6 ಮಾತ್ರೆ ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಅನೇಕರು ಅದನ್ನು ತೆಗೆದುಕೊಳ್ಳುವ ಹೊತ್ತೇ ತಪ್ಪಿರುತ್ತದೆ. ಮೇಲಿನ ಲೇಪ ನಿಧಾನ ಕರಗುವಂಥದು, ಮದ್ದು ರಕ್ತಕ್ಕೆ ಬರಲು ಗಂಟೆಗಳು ಬೇಕು. ಬೆಳಿಗ್ಗೆ ವಾಂತಿಯಾದ ಮೇಲೆ ನುಂಗಿದರೆ ಅದು ಬಸ್ಸು ಹೋದ ಮೇಲೆ ಕೈ ತೋರಿಸಿದಂತೆ. ರಾತ್ರಿ ಮಲಗುವಾಗ ನುಂಗಿದ್ದು ಮರುದಿನ ಬೆಳಗಿನ ವಾಕರಿಕೆಗೆ. 10 ಮಿ.ಗ್ರಾಂ ಡಾಕ್ಸಿಲಮಿನ್, 10 ಮಿ.ಗ್ರಾಂ ಬಿ6 ಇರುವ ಮಾತ್ರೆಯನ್ನು ಸಾಮಾನ್ಯವಾಗಿ ರಾತ್ರಿ ಮಲಗುವಾಗ ಎರಡು ಮಾತ್ರೆಯಿಂದ ಶುರುಮಾಡಿ, ಸಾಲದಿದ್ದರೆ ಡಾಕ್ಟರು ದಿನಕ್ಕೆ ನಾಲ್ಕು ಮಾತ್ರೆಯವರೆಗೆ ಏರಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ, ಇಡಿಯಾಗಿ ನುಂಗಬೇಕು. ಮುರಿದರೆ ಅಥವಾ ಪುಡಿಮಾಡಿದರೆ ಲೇಪದ ಪ್ರಯೋಜನ ಹೋಯಿತು. ನಿದ್ದೆ ಬರುತ್ತದೆ, ಆಮೇಲೆ ಸ್ಕೂಟರು ಬೇಡ. ಮಾತ್ರೆಗೆ ಹೆದರಿ ವಾಂತಿಯನ್ನು ಸಹಿಸಿಕೊಂಡು ಕೂರುವುದು ಇನ್ನೂ ಕೆಟ್ಟದ್ದು. ಎಂಟು ಗಂಟೆ ಮೂತ್ರ ಹೋಗದಿದ್ದರೆ, ಹೋದದ್ದು ಕಡು ಹಳದಿಯಾಗಿದ್ದರೆ, ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, 50 ಕೆ.ಜಿ. ಇದ್ದವರು ಎರಡೂವರೆ ಕೆ.ಜಿ. ಇಳಿದಿದ್ದರೆ ಡ್ರಿಪ್ಪಿಗೆ ಹೋಗಲೇಬೇಕು.

ನುಂಗಿ ಆಗಿದೆ, ಬಸಿರೂ ಆಗಿದೆ ಎನ್ನುವವರು ಡಾಕ್ಟರ ಹತ್ತಿರ ‘ಏನೋ ಒಂದು ಅಲರ್ಜಿ ಮಾತ್ರೆ’ ಎನ್ನದೆ ಖಾಲಿ ಸ್ಟ್ರಿಪ್ಪನ್ನೇ ಕೊಂಡುಹೋಗಿ. ಮಾತ್ರೆ ಬಿಡಿಸುವಾಗ ಹೆಸರಿರುವ ಬದಿಯನ್ನು ಕೊನೆಗೆ ಉಳಿಸಿಕೊಂಡರೆ ಒಳ್ಳೆಯದು. ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟರೆ ಹೆಸರಿನ ತುಂಡು ಅಲ್ಲೇ ಉಳಿದಿರುತ್ತದೆ, ಅದನ್ನು ಫೋಟೋ ತೆಗೆದುಕೊಳ್ಳಿ. ಕೊನೆಯ ಮುಟ್ಟಿನ ತಾರೀಕು, ಮಾತ್ರೆ ನುಂಗಿದ ತಾರೀಕುಗಳು, ದಿನಕ್ಕೆ ಎಷ್ಟು, ಜೊತೆಗೆ ಜ್ವರ ಇತ್ತೇ, ಎಷ್ಟು ಡಿಗ್ರಿ, ಇಷ್ಟನ್ನು ಕಾರ್ಡಿನ ಹಿಂದೆ ಬರೆದಿಡಿ. ತಪಾಸಣೆ ಬದಿಯಡ್ಕದಲ್ಲಿ, ಸ್ಕ್ಯಾನಿಂಗ್ ಕಾಸರಗೋಡಿನಲ್ಲಿ, ಹೆರಿಗೆ ತಲಪಾಡಿ ದಾಟಿ ಮಂಗಳೂರಿನಲ್ಲಿ ಎಂದಾಗುವ ನಮ್ಮ ಕಡೆ ಒಂದು ಆಸ್ಪತ್ರೆಯ ಚೀಟಿ ಇನ್ನೊಂದಕ್ಕೆ ತಲುಪುವುದು ನಿಮ್ಮ ಕೈಚೀಲದ ಮೂಲಕವೇ.

ಆಸ್ಪತ್ರೆಯ ಲೆಕ್ಕದ 18ರಿಂದ 20ನೇ ವಾರದಲ್ಲಿ ಮಾಡುವ ಸ್ಕ್ಯಾನಿಂಗಿನಲ್ಲಿ ಹೃದಯದ ನಾಲ್ಕು ಕೋಣೆ ಕಾಣುತ್ತವೆ. ಎವಿಎಸ್‌ಡಿಯಂಥ ನಡುಬಾಯಿ ಅಲ್ಲೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಸಣ್ಣ ತೂತುಗಳು ತಪ್ಪಿಹೋಗಬಹುದು, ಅವುಗಳಲ್ಲಿ ಹಲವು ಹುಟ್ಟಿದ ಮೇಲೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅನುಮಾನ ಬಂದರೆ, ಇಲ್ಲವೇ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಹತ್ತಿರದ ಸಂಬಂಧಿಕರಲ್ಲಿ ಹುಟ್ಟು ಹೃದಯದೋಷ ಇದ್ದರೆ, ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ವಿಶೇಷ ಸ್ಕ್ಯಾನಿಂಗ್, ಮಾಡಿಸುತ್ತಾರೆ. ಸೆಟಿರಿಜಿನ್ ನುಂಗಿದ್ದು ಮಾತ್ರ ಕಾರಣವಾದರೆ ಅದರ ಅಗತ್ಯವಿಲ್ಲ. ಹುಟ್ಟಿದ ಮಗುವಿನ ಬಲಗೈಗೂ ಒಂದು ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಾಕಿ, ಒಂದು ದಿನ ತುಂಬುವ ಹೊತ್ತಿಗೆ ಆಮ್ಲಜನಕ ನೋಡುತ್ತಾರೆ. ನೋಡಿದರೇ ಎಂದು ಕೇಳಲು ಸಂಕೋಚ ಬೇಡ. ದೋಷ ಕಂಡರೆ ಮಕ್ಕಳ ಹೃದಯ ಚಿಕಿತ್ಸೆಗೆ ಕೇರಳ ಸರ್ಕಾರದ ‘ಹೃದ್ಯಂ’ ಯೋಜನೆ 2017ರಿಂದ ಇದೆ. ಹೆರಿಗೆ ಮಂಗಳೂರಿನಲ್ಲಾಗಿದ್ದರೂ ಊರಿನ ಆಶಾ ಕಾರ್ಯಕರ್ತೆಗೆ ಆ ವಾರವೇ ತಿಳಿಸಿ, ಡಿಸ್ಚಾರ್ಜ್ ಚೀಟಿ ಮತ್ತು ಎಕೋ ವರದಿಯ ಎರಡು ಪ್ರತಿ ತೆಗೆದಿಟ್ಟುಕೊಳ್ಳಿ.